ಬೇಸ್ ಗಿಟಾರ್‌ಗೆ ಟ್ಯೂಬ್ ಸ್ಕ್ರೀಮರ್: ಮೂರು ಕೆಪಾಸಿಟರ್ ಬದಲಿಸಿದ ಕತೆ

ಟ್ಯೂಬ್ ಸ್ಕ್ರೀಮರ್ ಅಂದರೆ ಗಿಟಾರಿನ ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಓವರ್‌ಡ್ರೈವ್ ಪೆಡಲ್. ಅದು ಬೇಸ್ ಗಿಟಾರ್‌ಗೆ ಆಗಿಬರಲ್ಲ ಅಂತ ನನಗೆ ಹೇಳದವರಿಲ್ಲ. ನಮ್ಮ ರಸಮಂಜರಿ ತಂಡದ ಕೀಬೋರ್ಡಿನವರು ಹೇಳಿದರು, ಸೌಂಡ್‌ನವರು ಹೇಳಿದರು, ಪೆಡಲ್ ರಿಪೇರಿ ಮಾಡುವ ಗೆಳೆಯನೂ ಹೇಳಿದ. ಒತ್ತಿದ ಕೂಡಲೇ ತಳ, ಅಂದರೆ ಕೆಳಗಿನ ಸ್ವರಗಳ ದಪ್ಪ ಸದ್ದು, ಮಾಯವಾಗುತ್ತೆ, ಸುಮ್ನೆ ಹತ್ತು-ಹನ್ನೆರಡು ಸಾವಿರ ಹಾಕಿ ಬೇಸ್‌ಗೆಂದೇ ಮಾಡಿದ ಪೆಡಲ್ ತಗೋ ಅಂದರು. ಈ ಸಲ ಗಣೇಶನ ಸೀಸನ್ ಪೂರ್ತಿ ನಾನು ನುಡಿಸಿದ್ದು ಅದೇ ಸರ್ಕ್ಯೂಟಿನಲ್ಲಿ. ಬದಲಿಸಿದ್ದು ಮೂರೇ ಕೆಪಾಸಿಟರ್. ಮೂರಕ್ಕೂ ಸೇರಿ ಇಪ್ಪತ್ತು ರೂಪಾಯಿ ದಾಟಿಲ್ಲ.

ಅದಕ್ಕೆ ಮುಂಚೆ ಹಾಳಾದ ದುಡ್ಡು ಬೇರೆ. ಎಲ್ಲರ ಹಾಗೆ ನಾನೂ ಸಿಗ್ನಲ್ ಬೆಳೆಸುವ ಚಿಪ್ಪು, ಅಂದರೆ ಐಸಿಯಿಂದಲೇ ಶುರು ಮಾಡಿದೆ. ಸಾಕೆಟ್ ಹಾಕಿ 4558, ಟಿಎಲ್072, ಎನ್ಇ5532 ಒಂದೊಂದಾಗಿ ಕೂರಿಸಿದೆ. ಹಳೇ ಸ್ಟಾಕಿನ 4558 ಅಂತ ಒಂದಕ್ಕೆ ನಾನೂರು ಚಿಲ್ಲರೆ ಕೊಟ್ಟದ್ದೂ ಉಂಟು. ಡ್ರಮ್ಮರ್‌ನನ್ನು ಬೆನ್ನು ತಿರುಗಿಸಿ ಕೂರಿಸಿ ಯಾವುದು ಯಾವುದು ಹೇಳು ಅಂದರೆ, ಹತ್ತು ರೂಪಾಯಿಯದ್ದನ್ನೇ ದುಬಾರಿ ಅಂದ. ಅಷ್ಟೇ. ಲೆಕ್ಕ ಹಾಕಿದರೂ ಅದೇ ಬರುತ್ತದೆ. ಡ್ರೈವ್ ಗುಂಡಿ ಪೂರ್ತಿ ತಿರುಗಿಸಿದರೆ ಗೇನ್, ಅಂದರೆ ಸಿಗ್ನಲ್ ಬೆಳೆಯೋದು, ಸುಮಾರು 118 ಪಟ್ಟು. 4558 ಅಷ್ಟು ಗೇನ್‌ನಲ್ಲೂ ಕಿವಿಗೆ ಕೇಳುವ ಮಿತಿಯಾದ ಇಪ್ಪತ್ತು ಕಿಲೋಹರ್ಟ್ಸ್ ದಾಟುತ್ತದೆ. ಅದಕ್ಕಿಂತ ಎಷ್ಟೋ ಮೊದಲೇ, 5.6 ಕಿಲೋಹರ್ಟ್ಸ್ ಹತ್ತಿರ, ಫೀಡ್‌ಬ್ಯಾಕಿನ 51 ಪಿಕೋಫ್ಯಾರಡ್ ಕೆಪಾಸಿಟರ್ ಟ್ರೆಬಲ್ (ಮೇಲಿನ ಚೂಪು ಸದ್ದು) ಕತ್ತರಿಸಿ ಆಗಿರುತ್ತದೆ. ಇನ್ನು ಐಸಿಗೆ ಏನು ಕೆಲಸ?

ಎರಡನೇ ಖರ್ಚು ಇನ್‌ಪುಟ್ ಕೆಪಾಸಿಟರ್. ಬೇಸ್ ಬೇಕಾದರೆ ಅದನ್ನು 1 ಮೈಕ್ರೋಫ್ಯಾರಡ್ ಮಾಡು ಅನ್ನೋದು ಎಲ್ಲರ ಬಾಯಲ್ಲೂ ಇರುವ ಸಲಹೆ. ಅಲ್ಲಿರೋದು 0.02 ಮೈಕ್ರೋ, ಅದರ ಹಿಂದೆ 510ಕೆ ರೆಸಿಸ್ಟರ್. ಎರಡೂ ಸೇರಿ ಕತ್ತರಿಸೋದು 16 ಹರ್ಟ್ಸ್ ಕೆಳಗೆ. ಬೇಸ್‌ನ ಕೆಳಗಿನ ಇ ತಂತಿ 41 ಹರ್ಟ್ಸ್. ಅಲ್ಲಿ ಹೋಗುವ ತಳವೇ ಇಲ್ಲ. ಒಳ್ಳೇ ಫಿಲ್ಮ್ ಕೆಪಾಸಿಟರ್ ಹಾಕಿ ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ.

ತಳ ಹೋಗೋದು ಡಯೋಡ್‌ಗಳು ಅಲೆಯ ತುದಿ ಕತ್ತರಿಸುವ ಕ್ಲಿಪ್ಪಿಂಗ್ ಹಂತದಲ್ಲಿ. ನೆಲಕ್ಕೆ (ಗ್ರೌಂಡಿಗೆ) ಹೋಗುವ 4.7ಕೆ ರೆಸಿಸ್ಟರ್ ಮತ್ತು 0.047 ಕೆಪಾಸಿಟರ್ ಇದೆಯಲ್ಲ, ಅದರ ಗಡಿ 720 ಹರ್ಟ್ಸ್. ಸರಿಯಾಗಿ ಹೇಳಬೇಕಂದರೆ ತಳ ಅಲ್ಲಿ ಹೋಗೋದೂ ಇಲ್ಲ, ಬೆಳೆಯೋದಿಲ್ಲ ಅಷ್ಟೇ. ಅಲೆ ತಲೆಕೆಳಗಾಗದ ನಾನ್-ಇನ್ವರ್ಟಿಂಗ್ ಜೋಡಣೆ ಅಲ್ವಾ, ಗೇನ್ ಒಂದಕ್ಕಿಂತ ಕೆಳಗೆ ಇಳಿಯಲ್ಲ. ಡ್ರೈವ್ ಕನಿಷ್ಠ ಇಟ್ಟಾಗ 41 ಹರ್ಟ್ಸ್‌ಗೆ ಸಿಗೋದು 1.2 ಪಟ್ಟು, 2 ಕಿಲೋಹರ್ಟ್ಸ್‌ಗೆ ಹನ್ನೊಂದು ಪಟ್ಟು. ಕಿವಿಗೆ ತಳ ಹೋಯಿತು ಅನ್ನಿಸದೆ ಇನ್ನೇನು?

ಹಾಗಾದರೆ ಆ 0.047 ಜಾಗದಲ್ಲಿ ದೊಡ್ಡದು ಹಾಕಿಬಿಡೋಣ ಅಂತ 1 ಮೈಕ್ರೋ ಹಾಕಿದೆ. 34 ಹರ್ಟ್ಸ್. ಕಾಗದದ ಮೇಲೆ ಚೆಂದ, ಕೇಳೋಕೆ ಬರೀ ಗೊರಗೊರ. ಬೇಸ್‌ನಲ್ಲಿ ಕೆಳಗಿನ ಸ್ವರಕ್ಕೇ ಬಲ ಜಾಸ್ತಿ. ಅದೊಂದೇ ಡಯೋಡ್‌ಗಳನ್ನು ತುಂಬಿಬಿಡುತ್ತದೆ, ಮೇಲಿನ ತಂತಿ ಮೀಟಿದರೂ ಅದರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. 0.47 ಹಾಕಿದಾಗಲೂ ಸುಮಾರು ಅದೇ ಗತಿ. 0.1 ರೂಮಿನಲ್ಲಿ ಭರ್ಜರಿಯಾಗಿತ್ತು, ಸ್ಟೇಜಿನಲ್ಲಿ ಕಿಕ್ ಡ್ರಮ್ ಸೇರಿದ ಮೇಲೆ ಕಾಣೆ. ಕೊನೆಗೆ ನಿಂತದ್ದು 0.22ರಲ್ಲಿ. ಸುಮಾರು 154 ಹರ್ಟ್ಸ್. 41 ಹರ್ಟ್ಸ್‌ಗೆ ಮೂರು ಪಟ್ಟು, ಮೇಲಕ್ಕೆ ಹನ್ನೆರಡು ಪಟ್ಟಿನವರೆಗೆ. ತಳ ಇರುತ್ತದೆ, ಆದರೆ ಡಯೋಡ್‌ಗಳನ್ನು ಆಳೋದಿಲ್ಲ. ಗುಟ್ಟು ಇಷ್ಟೇ: ತಳವನ್ನು ಪೂರ್ತಿ ತೆರೆಯಬಾರದು.

ಒಂದು ಮಾತು, ಇಲ್ಲಿ ಸಿರಾಮಿಕ್ ಬಿಲ್ಲೆ ಕೆಪಾಸಿಟರ್ ಹಾಕಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರರ ಪ್ಯಾಕೆಟ್ಟು ಅಗ್ಗ ಅಂತ ತಂದ 104ಗಳನ್ನು (ಅಂದರೆ 0.1 ಮೈಕ್ರೋ) ಮೀಟರಿಗೆ ಹಿಡಿದರೆ ಕೆಲವು 0.07, ಕೆಲವು 0.13. ಹೇರ್ ಡ್ರೈಯರ್ ಹಿಡಿದರೆ ಕಣ್ಣೆದುರೇ ಅಂಕಿ ಇಳಿಯುತ್ತದೆ. ಹಾಗಾದಾಗ ನಿಮ್ಮ 154 ಎಲ್ಲಿ ಹೋಗಿ ಕೂರುತ್ತೋ ದೇವರೇ ಬಲ್ಲ. ಬಾಕ್ಸ್ ಟೈಪ್ ಪಾಲಿಯೆಸ್ಟರ್ ನಾಲ್ಕೈದು ರೂಪಾಯಿ, ಹಾಕಿ ಮುಗಿಸಿ.

ಉಳಿದೆರಡು ಬೇಗ ಹೇಳಿಬಿಡುತ್ತೇನೆ. 51 ಪಿಕೋ ಜಾಗದಲ್ಲಿ 100 ಪಿಕೋ. ಡ್ರೈವ್ ತುಂಬಾ ಏರಿಸಿದಾಗ ಬರುವ ಚರಚರ 3 ಕಿಲೋಹರ್ಟ್ಸ್‌ನಿಂದಲೇ ಇಳಿಯುತ್ತದೆ. ಟೋನ್‌ಗೆ ಮುಂಚಿನ 1ಕೆ ಜೊತೆಗಿರುವ 0.22 ತೆಗೆದು 0.1 ಹಾಕಿದೆ. 720 ಇದ್ದದ್ದು 1600 ಆಯಿತು, ತಂತಿಗೆ ಬೆರಳು ತಾಗುವ ಟಕ್ ಅನ್ನೋ ಸದ್ದು ಮುಂದೆ ಬಂತು. ಇವಲ್ಲದೆ ಡಯೋಡ್ ಸಾಲಿನಲ್ಲಿ ಒಂದು ರೆಸಿಸ್ಟರ್ ಸೇರಿಸಿದ್ದೇನೆ. ಅದರ ಬೆಲೆ ಎಷ್ಟು ಓಮ್ ಅಂತ ಕೇಳಬೇಡಿ, ಹೇಳಲ್ಲ!

ಇದನ್ನೆಲ್ಲ ಅಳೆಯೋಕೆ ಆಸಿಲೋಸ್ಕೋಪ್ ಬೇಡ. ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿನಿಂದ ಸ್ವೀಪ್ (ತಳದಿಂದ ಮೇಲಿನವರೆಗೆ ಏರುವ ಸದ್ದು) ಕೊಟ್ಟು ವಾಪಸ್ ರೆಕಾರ್ಡ್ ಮಾಡಿದೆ. ಡ್ರೈವ್ ಕನಿಷ್ಠ, ಲೆವೆಲ್ ಹತ್ತು ಮಿಲಿವೋಲ್ಟ್ ಆಸುಪಾಸು. ಜಾಸ್ತಿ ಕೊಟ್ಟರೆ ಡಯೋಡ್ ಅಡ್ಡ ಬಂದು ಗ್ರಾಫ್ ಮಟ್ಟಸವಾಗಿಬಿಡುತ್ತದೆ. ಅದನ್ನು ನೋಡಿ ಏನು ಹಾಕಿದರೂ ಒಂದೇ ಅನ್ನೋ ತೀರ್ಮಾನಕ್ಕೆ ಬಂದವರನ್ನು ಕಂಡಿದ್ದೇನೆ.

ಮಧ್ಯೆ ಒಂದು ವೀಣೆ ಕೆಲಸವೂ ಆಯಿತು. ಪರಿಚಯದ ಮೇಷ್ಟ್ರೊಬ್ಬರು ವೀಣೆಗೆ ಕಂಪನ ಹಿಡಿಯುವ ಪೀಜೋ ಬಿಲ್ಲೆ ಅಂಟಿಸಿ ನೇರ ಮಿಕ್ಸರಿನ ಲೈನ್ ಇನ್‌ಗೆ ಕೊಡುತ್ತಿದ್ದರು. ತಗಡಿನ ಡಬ್ಬಾ ಬಡಿದ ಹಾಗೆ ಕೇಳುತ್ತಿತ್ತು. ಬಿಲ್ಲೆಯೂ ಒಂದು ಕೆಪಾಸಿಟರ್ ತಾನೆ, ಅವರದ್ದು 20 ನ್ಯಾನೋ ಆಸುಪಾಸು ಇತ್ತು. ಮಿಕ್ಸರಿನ ಇನ್‌ಪುಟ್ ರೆಸಿಸ್ಟೆನ್ಸ್ 10ಕೆ. ಎರಡೂ ಸೇರಿದರೆ 800 ಹರ್ಟ್ಸ್ ಕೆಳಗೆಲ್ಲ ಜಾರುತ್ತದೆ. ಟ್ಯೂಬ್ ಸ್ಕ್ರೀಮರ್‌ನ ಮೊದಲ ಟ್ರಾನ್ಸಿಸ್ಟರ್ ಬಫರ್ ಮಾತ್ರ ಚಿಕ್ಕ ಬೋರ್ಡಿನಲ್ಲಿ ಕಟ್ಟಿ ನಡುವೆ ಇಟ್ಟೆ. 10ಕೆ ಬದಲು ಈಗ ಬಿಲ್ಲೆಗೆ ಕಾಣೋದು 500ಕೆ ಹತ್ತಿರ. ಮಂದ್ರ ತಂತಿ ತುಂಬಿ ಬಂತು. “ಇಷ್ಟು ದಿನ ಎಲ್ಲಿತ್ತಪ್ಪಾ ಇದು?” ಅಂದರು. ದುಡ್ಡು ಕೊಡೋಕೆ ಬಂದರು, ಕಾಫಿ ಸಾಕು ಮೇಷ್ಟ್ರೇ ಅಂದೆ.

ಟ್ಯೂಬ್ ಸ್ಕ್ರೀಮರ್ ಮಾದರಿಗಳಲ್ಲಿ 808 ಒಳ್ಳೇದೋ ಟಿಎಸ್-9 ಒಳ್ಳೇದೋ ಅಂತ ಈಗಲೂ ಕೇಳುತ್ತಾರೆ. ಔಟ್‌ಪುಟ್‌ನಲ್ಲಿ ಒಂದಕ್ಕೆ 100 ಓಮ್ ಮತ್ತು 10ಕೆ, ಇನ್ನೊಂದಕ್ಕೆ 470 ಓಮ್ ಮತ್ತು 100ಕೆ. ತಳದ ವಿಷಯಕ್ಕೆ ಎರಡೂ ಒಂದೇ. ದುಡ್ಡನ್ನು ಡಬ್ಬಿಗೂ ಫುಟ್ ಸ್ವಿಚ್ಚಿಗೂ ಹಾಕಿ. ಡೈಕಾಸ್ಟ್ ಡಬ್ಬಿ ನಾನೂರೈವತ್ತು, 3ಪಿಡಿಟಿ ಸ್ವಿಚ್ಚು ನೂರೈವತ್ತು, ಉಳಿದದ್ದೆಲ್ಲ ಸೇರಿ ಇನ್ನೊಂದು ಮುನ್ನೂರು. ಸಾವಿರದೊಳಗೆ ಕೆಲಸ ಮುಗಿಯುತ್ತದೆ.

ಒಂದು ತಲೆನೋವು ಮಾತ್ರ ಉಳಿದಿದೆ. ಟೋನ್‌ಗೆ ಬೇಕಾದ 20ಕೆ ಡಬ್ಲ್ಯೂ ಟೇಪರ್ ಪಾಟ್ (ತಿರುಗಿಸಿದಂತೆ ರೆಸಿಸ್ಟೆನ್ಸ್ ಎಸ್ ಆಕಾರದಲ್ಲಿ ಬದಲಾಗುವ ಗುಂಡಿ) ನನಗೆ ಇಲ್ಲಿ ಸಿಗುತ್ತಿಲ್ಲ. ಸಮನಾಗಿ ಬದಲಾಗುವ ಮಾಮೂಲಿ ಬಿ20ಕೆ ಹಾಕಿದ್ದೇನೆ, ಬದಲಾವಣೆ ಎಲ್ಲಾ ಎರಡು ತುದಿಗಳಲ್ಲೇ ಆಗುತ್ತದೆ. ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾಲ್ಕು ಬೇಕು.