ಮೊದಲು ಎಲ್ಲಿ ಕಟ್ಟಿದೆ ಅಂತ ನೋಡಿ, ಆಮೇಲೆ ಕೈ ಹಾಕಿ

ಸಂಕ್ರಾಂತಿಯ ಮಾರನೇ ದಿನ ಬೆಳಗ್ಗೆ ನಮ್ಮ ಅಡುಗೆಮನೆಯ ಸಿಂಕ್‌ನಲ್ಲಿ ನೀರು ಇಳಿಯಲೇ ಇಲ್ಲ. ಹಿಂದಿನ ದಿನ ಹದಿನೈದು ಜನಕ್ಕೆ ಊಟ. ತುಪ್ಪ ಸುರಿದು ಮಾಡಿದ ಸಿಹಿ ಪೊಂಗಲ್‌ನ ಪಾತ್ರೆಗಳನ್ನೆಲ್ಲ ರಾತ್ರಿ ತಣ್ಣೀರಿನಲ್ಲೇ ತೊಳೆದಿದ್ದೆವು. ಜನವರಿಯ ಬೆಂಗಳೂರಿನ ಚಳಿಗೆ ಡಬ್ಬಿಯ ತುಪ್ಪವೇ ಗಟ್ಟಿಯಾಗುತ್ತದೆ, ಪೈಪಿನೊಳಗಿನದ್ದು ಆಗದೇ ಇರುತ್ತದೆಯೇ?

"ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿದುಬಿಡಪ್ಪ, ಹತ್ತು ನಿಮಿಷಕ್ಕೆ ಸರಿಹೋಗುತ್ತೆ" ಅಂದರು ಅತ್ತಿಗೆ.

"ಬೇಡ ಅತ್ತಿಗೆ, ನಾನು ಎಷ್ಟೋ ಸಲ ಮಾಡಿ ನೋಡಿದ್ದೀನಿ" ಅಂದೆ.

ನೊರೆ ಬರುವುದು ನಿಜ. ಆದರೆ ಸೋಡಾ ಕ್ಷಾರ, ವಿನೆಗರ್ ಹುಳಿ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ, ಜಿಡ್ಡು ಇದ್ದಲ್ಲೇ ಇರುತ್ತದೆ. ವಾಸನೆ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ.

ನಾನು ಪ್ಲಂಬರ್ ಅಲ್ಲ. ನಮ್ಮದು ಹಳೆಯ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಹಾಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಈ ಕೆಲಸ ನನ್ನ ಪಾಲಿಗೆ ಬರುತ್ತದೆ. ಮಾಡಿ ಮಾಡಿ ಕಲಿತದ್ದು ಒಂದೇ. ಪೈಪಿಗೆ ಏನಾದರೂ ಸುರಿಯುವ ಮೊದಲು ಎರಡು ವಿಷಯ ತಿಳಿಯಬೇಕು. ಎಲ್ಲಿ ಕಟ್ಟಿದೆ? ಏನು ಕಟ್ಟಿದೆ?

ಎಲ್ಲಿ ಅಂತ ತಿಳಿಯಲು ಐದು ನಿಮಿಷ ಸಾಕು. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿಯುತ್ತೇನೆ, ವಾಷ್‌ಬೇಸಿನ್ ನಲ್ಲಿ ಬಿಟ್ಟು ನೋಡುತ್ತೇನೆ. ಒಂದು ಕಡೆ ಮಾತ್ರ ನಿಂತಿದ್ದರೆ ತೊಂದರೆ ಅಲ್ಲೇ ಹತ್ತಿರದಲ್ಲಿದೆ. ಎಲ್ಲ ಕಡೆ ನಿಧಾನವಾಗಿದ್ದರೆ, ಅಥವಾ ಮೇಲಿನವರು ಸ್ನಾನ ಮಾಡಿದಾಗ ನಮ್ಮ ಬಚ್ಚಲಲ್ಲಿ ನೀರು ಉಕ್ಕಿದರೆ, ಹೊರಗಿನ ಚೇಂಬರ್, ಅಂದರೆ ಮನೆಯ ಪೈಪುಗಳೆಲ್ಲ ಬಂದು ಸೇರುವ ಮುಚ್ಚಳದ ಗುಂಡಿ, ನೋಡಬೇಕು. ಆಗ ಸಿಂಕ್ ಮುಂದೆ ಎಷ್ಟು ಹೊತ್ತು ಕೂತರೂ ಪ್ರಯೋಜನವಿಲ್ಲ.

ಅವತ್ತು ಬಚ್ಚಲು ಚೆನ್ನಾಗಿ ಹರಿಯುತ್ತಿತ್ತು. ಸರಿ, ಸಿಂಕಿನದ್ದೇ ತೊಂದರೆ. ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪಿನ (ಸಿಂಕಿನ ಅಡಿಯಲ್ಲಿ ನೀರು ನಿಲ್ಲುವ ಬಾಟಲಿಯಂಥ ಭಾಗ) ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿದೆ. ಪ್ಲಾಸ್ಟಿಕ್ ಆದ್ದರಿಂದ ಸ್ಪ್ಯಾನರ್ ಹಾಕಬಾರದು, ತಿರುಪಿನ ಸುತ್ತು ಹಾಳಾಗುತ್ತದೆ. ಒಳಗೆ ಅನ್ನದ ಅಗುಳು, ಕರಿಬೇವಿನ ಎಲೆ, ದೋಸೆ ಹಿಟ್ಟಿನ ಬಿಳಿ ಗಸಿ. ಎಲ್ಲ ತೆಗೆದು, ರಬ್ಬರ್ ವಾಷರ್ ಒರೆಸಿ, ಮತ್ತೆ ಹಾಕಿದೆ. ನೀರು ಬಿಟ್ಟರೆ ಮತ್ತೆ ನಿಂತಿತು.

ಅಂದರೆ ಗೋಡೆಯೊಳಗಿನ ಪೈಪು ಕಟ್ಟಿದೆ. ಇಲ್ಲಿ ಬೇಕಾದದ್ದು ಸ್ಪ್ರಿಂಗ್ ವೈರು. ನನ್ನದು 5 ಮೀಟರ್ ಉದ್ದದ್ದು, ತುದಿಯಲ್ಲಿ ತಿರುಗಿಸುವ ಹಿಡಿ ಇದೆ. ಟ್ರ್ಯಾಪನ್ನು ಪೂರ್ತಿ ಬಿಚ್ಚಿ, ಗೋಡೆಯ ತೂತಿನಿಂದ ನಿಧಾನವಾಗಿ ತಳ್ಳಿದೆ. ಒಂದೂವರೆ ಮೀಟರ್ ಹೋದ ಮೇಲೆ ತಡೆಯಿತು. ಹೀಗೆ ತಡೆದಾಗ ಜೋರಾಗಿ ತಳ್ಳಬಾರದು, ತಿರುಗಿಸಬೇಕು. ಬರೀ ಪೈಪಿನ ಎಲ್ಬೋ, ಅಂದರೆ ತಿರುವು, ಆಗಿದ್ದರೆ ಎರಡು ಮೂರು ಸುತ್ತಿಗೆ ವೈರು ತಾನೇ ಬಳುಕಿ ಮುಂದೆ ಹೋಗುತ್ತದೆ. ಜಿಡ್ಡಾಗಿದ್ದರೆ ಮೆತ್ತಗೆ ಅಂಟಿದಂತೆ ಕೈಗೇ ಗೊತ್ತಾಗುತ್ತದೆ. ತಿರುಗಿಸಿ ಎಳೆದಾಗ ಮೇಣದ ಹಾಗೆ ಹಳದಿ ಉಂಡೆ ಬಂತು. ಐದಾರು ಸಲ ಹೀಗೆ ಮಾಡಿದೆ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸುರಿದು, ಎರಡು ಬಕೆಟ್ ಬಿಸಿನೀರು ಬಿಟ್ಟೆ. ಬಿಸಿ ಅಂದರೆ ಕೈಗೆ ತಾಳುವಷ್ಟು. ಕುದಿಯುವ ನೀರು ಬೇಡ. ಪಿವಿಸಿ ಪೈಪು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಜಾಯಿಂಟ್ ಸಡಿಲವಾಗಬಹುದು.

ಅಂಗಡಿಯಲ್ಲಿ ಸಿಗುವ ಡ್ರೈನ್ ಕ್ಲೀನರ್ ಪುಡಿ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಏಳು ವರ್ಷದ ಹಿಂದೆ ಹಾಕಿದ್ದೆ. ಆ ಪುಡಿಯಲ್ಲಿರುವುದು ಮುಖ್ಯವಾಗಿ ಕಾಸ್ಟಿಕ್ ಸೋಡಾ. ಜಿಡ್ಡನ್ನು ಸೋಪಿನ ಹಾಗೆ ಮಾಡಿ ಕರಗಿಸುತ್ತದೆ ನಿಜ, ಆದರೆ ಪುಡಿ ಜಿಡ್ಡಿನ ತನಕ ತಲುಪಬೇಕಲ್ವಾ? ಅವತ್ತು ಅದು ಟ್ರ್ಯಾಪಿನಲ್ಲೇ ಕೂತು ಕಲ್ಲಾಯಿತು. ನಾನು ಗ್ಲೌಸ್ ಇಲ್ಲದೆ ಟ್ರ್ಯಾಪ್ ಬಿಚ್ಚಿದೆ. ಆ ನೀರು ಮಣಿಕಟ್ಟಿನ ಮೇಲೆ ಸುರಿಯಿತು. ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿದಿದ್ದೆ. ಗುರುತು ಈಗಲೂ ಇದೆ. ಹಾಗಾಗಿ ನನ್ನ ಮಟ್ಟಿಗೆ ಕೈಕೆಲಸ ಮೊದಲು, ಪುಡಿ ಎಲ್ಲಕ್ಕಿಂತ ಕೊನೆಗೆ. ನೀವು ಆಗಲೇ ಪುಡಿ ಹಾಕಿದ್ದರೆ, ಪ್ಲಂಬರ್ ಬಂದ ತಕ್ಷಣ ಅದನ್ನು ಹೇಳಿ. ಅವರ ಕೈ, ಕಣ್ಣು ಉಳಿಯಲಿ. ಇನ್ನೊಂದು ಮಾತು. ಬಾತ್‌ರೂಮ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಬೇಡ. ಕ್ಲೋರಿನ್ ಗಾಳಿ ಬರುತ್ತದೆ. ಸಣ್ಣ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಬಚ್ಚಲಿನ ಕಥೆ ಬೇರೆ. ಅಲ್ಲಿ ಕಟ್ಟುವುದು ಕೂದಲು. ನಮ್ಮದು ಬೋರ್‌ವೆಲ್ ನೀರು, ಗಡಸು. ಅದಕ್ಕೆ ಸೋಪು ಸೇರಿದರೆ ಬಿಳಿ ಗಸಿ ಆಗುತ್ತದೆ. ಕೂದಲಿನ ಉಂಡೆಗೆ ಆ ಗಸಿ, ಕೊಬ್ಬರಿ ಎಣ್ಣೆ ಎರಡೂ ಅಂಟಿಕೊಳ್ಳುತ್ತವೆ. ಇದಕ್ಕೆ ಜಾಲರಿ ಎತ್ತಿ, ತುದಿ ಬಗ್ಗಿಸಿದ ತಂತಿಯಲ್ಲಿ ಕೊಕ್ಕೆ ಹಾಕಿ ಎಳೆಯುವುದೇ ಸರಿ. ಹಿಡಿಯ ತುದಿಗೆ ರಬ್ಬರ್ ಬಟ್ಟಲಿರುವ ಪಂಪ್ ಒತ್ತಿದರೆ ಕೂದಲು ಇನ್ನೂ ಒಳಗೆ ಹೋಗಿ ಕೂರುತ್ತದೆ. ಪಂಪ್ ಚೆನ್ನಾಗಿ ಕೆಲಸ ಮಾಡುವುದು ವಾಷ್‌ಬೇಸಿನ್‌ನಲ್ಲಿ. ಅಲ್ಲೂ ಮೇಲಿನ ಸಣ್ಣ ತೂತಿಗೆ ಒದ್ದೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಗಾಳಿ ಅಲ್ಲಿಂದ ಹೋಗುತ್ತದೆ. ರಬ್ಬರ್ ಬಟ್ಟಲು ಮುಳುಗುವಷ್ಟು ನೀರೂ ಇರಬೇಕು.

ಹೊರಗಿನ ಚೇಂಬರ್ ಕಟ್ಟಿದ್ದು ಒಂದು ಮಳೆಗಾಲದಲ್ಲಿ. ಮುಚ್ಚಳ ತೆಗೆದರೆ ತುಂಬ ನೀರು. ನಮ್ಮ ಹಳೇ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನ ಜಾಯಿಂಟಿನಲ್ಲಿ ಪಾರಿಜಾತದ ಬೇರು ನುಗ್ಗಿತ್ತು. ಬಿದಿರಿನ ಸೀಳು ತಳ್ಳಿ ಮೇಲೆ ನಿಂತೇ ಬಿಡಿಸಿದೆವು. ಆಮೇಲೆ ಅಷ್ಟು ಉದ್ದ ಪೈಪು ಬದಲಾಯಿಸಿದೆ.

ಇನ್ನೊಂದು ಸಲ ನಮ್ಮ ಚೇಂಬರ್ ಸ್ವಚ್ಛವಿತ್ತು, ರಸ್ತೆಯ ಮ್ಯಾನ್‌ಹೋಲ್ ತುಂಬಿತ್ತು. ಯಾರೋ "ಒಬ್ಬನನ್ನು ಕರೆಸಿ ಇಳಿಸಿದರೆ ಅರ್ಧ ಗಂಟೆ ಕೆಲಸ" ಅಂದರು. ನಾನು ಒಪ್ಪಲಿಲ್ಲ. ಒಳಗಿನ ವಿಷಗಾಳಿಗೆ ಎಷ್ಟು ಜನ ಸತ್ತಿದ್ದಾರೆ. ಸುರಕ್ಷತೆಯಿಲ್ಲದೆ ಯಾರನ್ನೂ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ನಮ್ಮ ಮನೆಯ ನೀರು ಹರಿಯಲಿ ಅಂತ ಒಬ್ಬರ ಜೀವ ಪಣಕ್ಕಿಡಲು ನನಗೆ ಮನಸ್ಸು ಬರುವುದಿಲ್ಲ. ಜಲಮಂಡಳಿಯ 1916ಕ್ಕೆ ಫೋನ್ ಮಾಡಿದೆ. ಮಾರನೇ ದಿನ ಯಂತ್ರದ ಲಾರಿ ಬಂದು ಸರಿಮಾಡಿತು. ಒಂದು ದಿನ ನಾವೂ ಮೇಲಿನವರೂ ನೀರು ಕಡಿಮೆ ಬಳಸಿದೆವು, ಅಷ್ಟೇ.

ಸಂಕ್ರಾಂತಿಯ ಮಾರನೇ ದಿನದ ಆ ಬೆಳಗ್ಗೆ ಎಲ್ಲ ಮುಗಿಯುವಾಗ ಹತ್ತೂವರೆ. ಈಗ ಜಿಡ್ಡಿನ ಪಾತ್ರೆಯನ್ನು ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯುತ್ತೇವೆ. ದೋಸೆ ಹಿಟ್ಟಿನ ಪಾತ್ರೆಯ ಮೊದಲ ನೀರು ಗಿಡಕ್ಕೆ ಹೋಗುತ್ತದೆ. ಸಿಂಕಿನ ಕೆಳಗಿನ ಬಾಗಿಲ ಒಳಗಡೆ ಒಂದು ಕಾಗದ ಅಂಟಿಸಿದ್ದೇನೆ. ಯಾವ ಪೈಪು ಎಲ್ಲಿಗೆ ಹೋಗುತ್ತದೆ, ಎಲ್ಬೋ ಎಷ್ಟು ದೂರದಲ್ಲಿದೆ, ಚೇಂಬರ್ ಎಲ್ಲಿದೆ ಅಂತ ಅದರಲ್ಲಿ ಗೆರೆ ಎಳೆದಿದೆ. ಕಳೆದ ತಿಂಗಳು ನಾನು ಊರಲ್ಲಿ ಇಲ್ಲದಾಗ ಅತ್ತಿಗೆ ಅದನ್ನು ನೋಡಿಕೊಂಡೇ ಟ್ರ್ಯಾಪ್ ಬಿಚ್ಚಿ ಸರಿಮಾಡಿದ್ದರು.