ಹಳೇ ಕಾರಿಗೆ ಭಾನುವಾರ ಬೆಳಗಿನ ಅರ್ಧ ಗಂಟೆ

ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಅಂದರೆ ಇವತ್ತು ನೀವು ಕೊಳ್ಳುವ ಯಾವುದೇ 800 ಹತ್ತು ವರ್ಷ ದಾಟಿದ್ದೇ. ಇಷ್ಟು ವಯಸ್ಸಾದ ಕಾರಿನಲ್ಲಿ ಸಾಮಾನ್ಯವಾಗಿ ಎಂಜಿನ್‌ಗಿಂತ ಮೊದಲು ಕೈಕೊಡುವುದು ರಬ್ಬರು, ಬ್ಯಾಟರಿ, ಟೈರು. ಇವನ್ನು ನೋಡಿಕೊಳ್ಳಲು ಗ್ಯಾರೇಜೇ ಬೇಕೆಂದಿಲ್ಲ. ಒಂದು 10 ನಂಬರ್ ಸ್ಪಾನರ್, ಹಳೇ ಟೂತ್‌ಬ್ರಷ್, ಒಂದೆರಡು ಬಟ್ಟೆ ಚೂರು, ಟಾರ್ಚ್ ಇದ್ದರೆ ಸಾಕು.

ಕೆಲಸ ಶುರುವಾಗುವುದು ಶನಿವಾರ ರಾತ್ರಿ. ಕಾರು ನಿಲ್ಲಿಸಿದ ಮೇಲೆ ಎಂಜಿನ್ ಕೆಳಗೆ ಹಳೇ ಪೇಪರ್ ಹಾಸಿ, ಹಾರದ ಹಾಗೆ ಕಲ್ಲಿಡಿ. ಬೆಳಿಗ್ಗೆ ತೆಗೆದು ನೋಡಿ. ಬರೀ ನೀರಾದರೆ ಎಸಿಯದು, ಚಿಂತೆ ಬೇಡ. ಕಪ್ಪು ಜಿಡ್ಡಾದರೆ ಎಂಜಿನ್ ಆಯಿಲ್. ಹಸಿರೋ ಗುಲಾಬಿಯೋ ಬಣ್ಣವಿದ್ದರೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಚಕ್ರದ ಒಳಬದಿಯಲ್ಲಿ ಜಿಡ್ಡು ಇಳಿದಿದ್ದರೆ ಬ್ರೇಕ್ ಆಯಿಲ್ ಇರಬಹುದು. ಆಗ ಕಾರು ಓಡಿಸಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಈ ಪೇಪರ್ ವಿಷಯ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ವಾರ ನಮ್ಮ ಮನೆ ಮುಂದೆ ಹಸಿರು ಕಲೆ ಬೀಳುತ್ತಿತ್ತು. ಎಸಿ ನೀರಿರಬೇಕು ಅಂತ ಸುಮ್ನೆ ಬಿಟ್ಟೆ. ಶಿರಾಡಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೊನೆ ಮುಟ್ಟಿತು. ಬಾನೆಟ್ ಎತ್ತಿದರೆ, ರೇಡಿಯೇಟರ್‌ನ ಮೇಲಿನ ಹೋಸ್ (ರಬ್ಬರ್ ಕೊಳವೆ), ಅದನ್ನು ಬಿಗಿದ ಕ್ಲಾಂಪ್ ಹತ್ತಿರ ಉಗುರಿನಷ್ಟು ಉದ್ದ ಸೀಳಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಎರಡು ಗಂಟೆ ರಸ್ತೆ ಬದಿಯಲ್ಲಿ ಕಾದೆವು.

ಹಾಗಾಗಿ ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಸ್‌ಗಳನ್ನು ಬೆರಳಿನಿಂದ ಒತ್ತಿ ನೋಡಿ. ಒಳ್ಳೆಯ ಹೋಸ್ ಮೆತ್ತಗೆ ಒಳಗೆ ಹೋಗಿ ಮತ್ತೆ ಉಬ್ಬುತ್ತದೆ. ಒಣ ಕಟ್ಟಿಗೆಯಂತೆ ಗಟ್ಟಿಯಾಗಿದ್ದರೆ, ಕ್ಲಾಂಪ್ ಬಳಿ ಬಿರುಕಿದ್ದರೆ, ಬದಲಾಯಿಸಿ. ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ಎರಡು ಗೆರೆಗಳ ಮಧ್ಯೆ ಇರಬೇಕು. ಕಡಿಮೆಯಾಗಿದ್ದರೆ ಕೂಲಂಟನ್ನೇ ಹಾಕಿ. ನೀರು ಬೆರೆಸದ ಗಟ್ಟಿ ಕೂಲಂಟ್ ತಂದಿದ್ದರೆ ಅದರ ಕ್ಯಾನ್ ಮೇಲೆ ಹೇಳಿದಷ್ಟು ಡಿಸ್ಟಿಲ್ಡ್ ವಾಟರ್ ಬೆರೆಸಿ. ಬೋರ್‌ವೆಲ್ ನೀರು ಬೇಡವೇ ಬೇಡ. ಬಿಸಿನೀರಿನ ಪಾತ್ರೆಗೆ ಕಟ್ಟುವ ಬಿಳಿ ಉಪ್ಪು ನೋಡಿದ್ದೀರಲ್ವಾ? ಅದೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗೆ ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ.

ಆಮೇಲೆ ಆಯಿಲ್. ಕಾರು ಸಮನಾದ ನೆಲದ ಮೇಲಿರಲಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಮೊದಲ ಸಲ ಕಂಡ ಮಟ್ಟವನ್ನು ನಂಬಬೇಡಿ. ಆಯಿಲ್ ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕಪ್ಪಾಗಿದೆ ಅಂತ ಗಾಬರಿ ಬೇಡ. ಆದರೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ ಒಳಗೆ ನೀರು ಸೇರಿದೆ ಅಂತ ಅರ್ಥ. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಬೆಳಿಗ್ಗೆ ಕಾರು ಸ್ಟಾರ್ಟ್ ಆಗದೆ ಟಕ್ ಟಕ್ ಅಂದರೆ ಎಷ್ಟೋ ಸಲ ತಪ್ಪು ಬ್ಯಾಟರಿಯದಲ್ಲ, ವೈರ್ ಜೋಡಿಸುವ ಟರ್ಮಿನಲ್ ಮೇಲೆ ಕಟ್ಟಿದ ಬಿಳಿ-ಹಸಿರು ಪುಡಿಯದು. ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಇದನ್ನು ಮಾಡಿ. ಕೀ ತೆಗೆದು, ಮೈನಸ್ ವೈರನ್ನು ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಈ ಕ್ರಮ ತಪ್ಪಿದರೆ ಸ್ಪಾನರ್ ಕಾರಿನ ಲೋಹದ ಮೈಗೆ ತಾಗಿ ಕಿಡಿ ಹಾರಬಹುದು. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಬ್ರಷ್ ಅದ್ದಿ ಉಜ್ಜಿ. ಪುಡಿ ಬುಸುಬುಸು ನೊರೆಯಾಗಿ ಕರಗುತ್ತದೆ. ಆ ನೀರು ಬ್ಯಾಟರಿ ಒಳಗೆ ಹೋಗಬಾರದು, ಕೈಗೆ ಗ್ಲೌಸ್ ಇರಲಿ. ಚೆನ್ನಾಗಿ ಒರೆಸಿ ಒಣಗಿಸಿ, ಪ್ಲಸ್ ಮೊದಲು, ಮೈನಸ್ ಕೊನೆಗೆ ಜೋಡಿಸಿ. ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ.

ಟೈರ್ ಗಾಳಿಯನ್ನು ಕಾರು ಓಡಿಸುವ ಮೊದಲೇ ನೋಡಿ, ಸ್ಟೆಪ್ನಿಯನ್ನೂ ಮರೆಯಬೇಡಿ. ಎಷ್ಟಿರಬೇಕು ಅನ್ನುವುದು ಕಾರಿನ ಪುಸ್ತಕದಲ್ಲಿರುತ್ತದೆ. ಟೈರಿನ ಕಾಲುವೆಗಳ ತಳದಲ್ಲಿ ಅಡ್ಡಡ್ಡ ಸಣ್ಣ ದಿಬ್ಬಗಳಿವೆ, ಎತ್ತರ 1.6 ಮಿಲಿಮೀಟರ್. ನೆಲಕ್ಕೆ ತಾಗುವ ರಬ್ಬರ್ ಗುಂಡಿ ಸವೆದು ದಿಬ್ಬದ ಸಮಕ್ಕೆ ಬಂದರೆ ಟೈರ್ ಮುಗಿಯಿತು. ಟೈರಿನ ಪಕ್ಕದ ಗೋಡೆಯ ಮೇಲೆ DOT ಅಂತ ಅಚ್ಚಾದ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಗುಂಡಿ ಚೆನ್ನಾಗಿ ಕಂಡರೂ ಪಕ್ಕದಲ್ಲಿ ಬಿರುಕು ಬಿಟ್ಟ ಹಳೇ ಟೈರನ್ನು ಹೈವೇಗೆ ಒಯ್ಯಬೇಡಿ.

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ತೂರಬೇಡಿ. ಬ್ರೇಕ್ ಬಿಚ್ಚುವ ಕೆಲಸವೂ ಮೆಕ್ಯಾನಿಕ್‌ಗೇ ಇರಲಿ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಸಣ್ಣ ನೋಟ್‌ಬುಕ್ ಇಟ್ಟು, ತಾರೀಖು, ಕಿಲೋಮೀಟರ್, ಯಾವುದನ್ನು ಎಷ್ಟು ಹಾಕಿದಿರಿ ಬರೆಯಿರಿ. ಕೂಲಂಟ್ ಪದೇ ಪದೇ ಇಳಿಯುತ್ತಿದ್ದು, ಪೇಪರ್ ಮೇಲೆ ಕಲೆಯೇ ಇಲ್ಲದಿದ್ದರೆ, ಆ ಪುಟವನ್ನೇ ಮೆಕ್ಯಾನಿಕ್‌ಗೆ ತೋರಿಸಿ.