ಹಳೆಯ ಚೆರೋಕಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಇಳಿಸುವ ಮೊದಲು ಪರೀಕ್ಷಿಸಬೇಕಾದದ್ದು

ಅಮೆರಿಕದಲ್ಲಿ 1987ರಿಂದ 2001ರವರೆಗೆ ಮಾರಾಟವಾದ, 4.0 ಲೀಟರ್ ಎಂಜಿನ್ನಿನ ಆಟೋಮ್ಯಾಟಿಕ್ ಜೀಪ್ ಚೆರೋಕಿಗಳಲ್ಲಿ ಇರುವುದು ಐಸಿನ್-ವಾರ್ನರ್ ಕಂಪನಿಯ ನಾಲ್ಕು ಗೇರಿನ ಎಡಬ್ಲ್ಯೂ4 ಗೇರ್‌ಬಾಕ್ಸ್. ಇದು ನಿಜಕ್ಕೂ ಗಟ್ಟಿಮುಟ್ಟಾದದ್ದು. ಗೇರ್ ತಡವಾಗಿ ಬಿದ್ದರೆ ಅಥವಾ ತಪ್ಪು ಗೇರಿನಲ್ಲೇ ನಿಂತರೆ, ದೋಷ ಬಹಳ ಸಲ ಒಳಗಿನ ಕ್ಲಚ್‌ಗಳಲ್ಲಿರದೆ ಹೊರಗಿನ ಸ್ವಿಚ್ಚು, ವೈರು, ಸೆನ್ಸರ್‌ಗಳಲ್ಲಿರುತ್ತದೆ.

ಮೊದಲು ಆಯಿಲ್ ನೋಡಿ. ಗಾಡಿಯನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇರುವಾಗಲೇ ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು, ಕೈಪಿಡಿ ಹೇಳುವ ಸ್ಥಾನಕ್ಕೆ ತಂದ ಮೇಲೆ ಡಿಪ್‌ಸ್ಟಿಕ್ ತೆಗೆಯಬೇಕು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟಾಗ ತಿಳಿಗೆಂಪು ಕಂಡರೆ ಒಳ್ಳೆಯದು. ಕಂದು ಬಣ್ಣದ ಜೊತೆಗೆ ಸುಟ್ಟ ವಾಸನೆಯಿದ್ದರೆ ಕ್ಲಚ್ ಸವೆದಿದೆ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ಒಡೆದು ಕೂಲಂಟ್ ಸೇರಿದೆ, ಗಾಡಿಯನ್ನು ಮುಂದೆ ಓಡಿಸಲೇಬಾರದು. ಈ ಗೇರ್‌ಬಾಕ್ಸಿಗೆ ಹಾಕಬೇಕಾದದ್ದು ಡೆಕ್ಸ್ರಾನ್ ಮಾದರಿಯ ಆಯಿಲ್. ಕ್ರೈಸ್ಲರ್ ಗೇರ್‌ಬಾಕ್ಸ್‌ಗಳಿಗೆ ಹಾಕುವ ಎಟಿಎಫ್+4 ಎಂಬ ಆಯಿಲ್ ಅಲ್ಲ.

ಆಯಿಲ್ ಸರಿಯಿದ್ದರೆ, ಯಾವ ಗೇರ್ ಯಾವಾಗ ಎಂದು ನಿರ್ಧರಿಸುವ ಗೇರ್‌ಬಾಕ್ಸ್ ಕಂಪ್ಯೂಟರಿನ ಫ್ಯೂಸ್ ಕಿತ್ತು ಖಾಲಿ ರಸ್ತೆಯಲ್ಲಿ ಕೈಯಿಂದಲೇ ಗೇರ್ ಬದಲಿಸಿ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದ ಪರೀಕ್ಷೆ ಇನ್ನೊಂದಿಲ್ಲ. ಆಗ ಲಿವರಿನ 1-2 ಸ್ಥಾನದಲ್ಲಿ ಮೊದಲ ಗೇರ್, 3ರಲ್ಲಿ ಮೂರನೆಯದು, ಡಿ ಸ್ಥಾನದಲ್ಲಿ ನಾಲ್ಕನೆಯದು ಸಿಗಬೇಕು. ಮೂರೂ ಜಾರದೆ ಹಿಡಿದರೆ ಹುಡುಕಬೇಕಾದದ್ದು ವಿದ್ಯುತ್ ಭಾಗದಲ್ಲಿ. ವೇಗದಲ್ಲಿರುವಾಗ ಮಾತ್ರ 1-2ಕ್ಕೆ ಎಳೆಯಬೇಡಿ, ಎಂಜಿನ್ ಮಿತಿಮೀರಿ ತಿರುಗುತ್ತದೆ.

ವಿದ್ಯುತ್ ಭಾಗದಲ್ಲಿ ಮೊದಲ ಅನುಮಾನ, ಲಿವರ್ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ನ್ಯೂಟ್ರಲ್ ಸೇಫ್ಟಿ ಸ್ವಿಚ್ಚಿನ ಮೇಲೆ. ಲಿವರ್ ಅಲ್ಲಾಡಿಸಿದರಷ್ಟೇ ಗಾಡಿ ಸ್ಟಾರ್ಟ್ ಆಗುವುದು, ರಿವರ್ಸ್ ದೀಪ ಹತ್ತದಿರುವುದು ಇದರ ಗುರುತುಗಳು. ಗೇರ್‌ಬಾಕ್ಸಿನ ಬಲಮಗ್ಗುಲಲ್ಲಿ ಕೆಸರು, ನೀರು, ಶಾಖಗಳಿಗೆ ಸಿಕ್ಕಿರುವ ಇದನ್ನು, ಕೂತಿದ್ದ ಜಾಗಕ್ಕೆ ಗುರುತು ಹಾಕಿಕೊಂಡು ಬಿಚ್ಚಿದರೆ, ಒಳಗೆ ಗ್ರೀಸ್ ಒಣಗಿ ಅಂಟಿನಂತಾಗಿ ತಾಮ್ರದ ಪಟ್ಟಿಗಳು ಕಪ್ಪುಗಟ್ಟಿರುವುದು ಕಾಣುತ್ತದೆ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಪಟ್ಟಿಗಳು ಹೊಳೆಯುವವರೆಗೆ ಮೆಲ್ಲಗೆ ಉಜ್ಜಿ, ವಿದ್ಯುತ್ ಸಂಪರ್ಕಗಳಿಗೆ ಬಳಸುವ ಹೊಸ ಗ್ರೀಸ್ ಹಚ್ಚಿ, ಅದೇ ಗುರುತಿಗೆ ಕೂರಿಸಿ. ಹೊಸದು ಕೊಳ್ಳುವ ಮೊದಲು ಈ ಶ್ರಮ ಪಡುವುದು ಖಂಡಿತ ಸಾರ್ಥಕ.

ಮುಂದಿನದು ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್. 1990ರವರೆಗಿನ ಗಾಡಿಗಳಲ್ಲಿ ಇದಕ್ಕೆ ಎರಡು ಕನೆಕ್ಟರ್‌ಗಳಿದ್ದು, ಒಂದು ಎಂಜಿನ್ ಕಂಪ್ಯೂಟರಿಗೂ ಇನ್ನೊಂದು ಗೇರ್‌ಬಾಕ್ಸ್ ಕಂಪ್ಯೂಟರಿಗೂ ಹೋಗುವುದರಿಂದ, ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಗೇರ್ ಮಾತ್ರ ತಪ್ಪಬಹುದು. ಥ್ರಾಟಲನ್ನು ನಿಧಾನವಾಗಿ ತೆರೆಯುತ್ತ ಹೋದಾಗ ಮೀಟರಿನಲ್ಲಿ ವೋಲ್ಟೇಜ್ ಎಲ್ಲಿಯೂ ತುಂಡಾಗದೆ ಒಂದೇ ಸಮನೆ ಬದಲಾಗಬೇಕು.

ಗೇರ್ ಹಾಕಿದೊಡನೆ ಕೆಳಗಿನಿಂದ ಟಕ್ ಎಂಬ ಸದ್ದು ಬಂದರೆ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳನ್ನೂ (ಕೀಲುಗಳನ್ನೂ) ಗೇರ್‌ಬಾಕ್ಸ್ ಮೌಂಟಿನ ರಬ್ಬರನ್ನೂ ಅಲ್ಲಾಡಿಸಿ ನೋಡಿ. ಫ್ಯೂಸ್ ತೆಗೆದ ಪರೀಕ್ಷೆಯಲ್ಲೂ ಯಾವುದಾದರೊಂದು ಗೇರ್ ಜಾರುತ್ತಿದ್ದರೆ, ಥ್ರಾಟಲಿನಿಂದ ಗೇರ್‌ಬಾಕ್ಸಿಗೆ ಹೋಗಿ ಆಯಿಲ್ ಒತ್ತಡವನ್ನು ಹೊಂದಿಸುವ ಥ್ರಾಟಲ್ ಕೇಬಲ್ ಹೊಂದಾಣಿಕೆ ಸರಿಪಡಿಸಿ ಮತ್ತೊಮ್ಮೆ ಓಡಿಸಿ. ಆಗಲೂ ಜಾರಿದರೆ ಆಯಿಲ್ ಒತ್ತಡವನ್ನು ಗೇಜ್ ಹಾಕಿ ಅಳೆಸಿ, ಗೇರ್‌ಬಾಕ್ಸ್ ಇಳಿಸುವ ಮಾತು ಆಮೇಲೆ.